ಲಿವರ್ ಕಾಯುವ ಪ್ರೋಟೀನು ಡಬ್ಬದಲ್ಲಿ ಬರಲ್ಲ

ಹೋದ ವರ್ಷ ನಾವು, ಮಂಡ್ಯ ಜಿಲ್ಲೆಯ ಇಬ್ಬರು ಸ್ಟ್ರಿಂಜರ್‌ಗಳು, ಸೇರಿ ಒಂದು ಆರೋಗ್ಯ ವರದಿ ಕಳಿಸಿದ್ದೆವು. ತಿನ್ನುವುದು ಹೆಚ್ಚಾಗಿ ಬರುವ ಫ್ಯಾಟಿ ಲಿವರ್ ಕಾಯಿಲೆಯಲ್ಲಿ ಕೆಲವು ಪ್ರೋಟೀನುಗಳು ಯಕೃತ್ತನ್ನು ಕಾಯುತ್ತವೆ ಎಂಬುದು ಅದರ ಸಾರ. ಡೆಸ್ಕಿನವರು ‘ಲಿವರ್ ರಕ್ಷಣೆಗೆ ಪ್ರೋಟೀನ್’ ಎಂದು ಹೆಡ್ಡಿಂಗ್ ಹಾಕಿದರು. ಬೈಲೈನ್ ಸಿಕ್ಕಿದ ಖುಷಿಯಲ್ಲಿ ನಾವೂ ಸುಮ್ಮನಾದೆವು.

ಎರಡು ದಿನ ಬಿಟ್ಟು ಮದ್ದೂರು ಕಡೆಯ ಹೆಣ್ಣುಮಗಳೊಬ್ಬರ ಫೋನು. “ಸಾ, ನೀವು ಬರ್ದಿದ್ರಲ್ಲ, ಪ್ರೋಟೀನ್ ಪೌಡ್ರು ತಂದಿವ್ನಿ. ನಮ್ಮೆಜಮಾನ್ರಿಗೆ ಹಾಲಲ್ಲಿ ಹಾಕ್ಬೇಕಾ, ನೀರಲ್ಲಾ?” ಗಂಡನಿಗೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿತ್ತು. ಡಾಕ್ಟರು ಬರೆದ ರಕ್ತ ಪರೀಕ್ಷೆಗೆ ಎತ್ತಿಟ್ಟಿದ್ದ ದುಡ್ಡಲ್ಲೇ ಆಕೆ ಡಬ್ಬ ತಂದಿದ್ದರು.

ವರದಿ ತೆಗೆದು ಮತ್ತೆ ಓದಿದೆವು. ಆ ಪ್ರೋಟೀನುಗಳು ದೇಹದೊಳಗೇ ತಯಾರಾಗುತ್ತವೆ ಎಂಬ ಒಂದು ವಾಕ್ಯ ಎಲ್ಲೂ ಇರಲಿಲ್ಲ. ತಪ್ಪು ಹೆಡ್ಡಿಂಗಿನದಷ್ಟೇ ಅಲ್ಲ, ನಮ್ಮದು.

ಅವತ್ತು ಬರೆಯಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ಅಡಿಪೋನೆಕ್ಟಿನ್. ಇದನ್ನು ರಕ್ತಕ್ಕೆ ಬಿಡುವುದು ನಮ್ಮ ಕೊಬ್ಬಿನ ಜೀವಕೋಶಗಳೇ. ಯಕೃತ್ತು ಕೊಬ್ಬನ್ನು ಉರಿಸುವಂತೆ, ಇನ್ಸುಲಿನ್ ಮಾತು ಕೇಳುವಂತೆ ಇದು ನೋಡಿಕೊಳ್ಳುತ್ತದೆ; ಉರಿಯೂತವನ್ನೂ ತಗ್ಗಿಸುತ್ತದೆ. ಕೊಬ್ಬಿನಿಂದಲೇ ಬರುವುದಾದರೆ ಹೊಟ್ಟೆ ಬಂದವರಲ್ಲಿ ಹೆಚ್ಚಿರಬೇಕಲ್ಲ? ಆಗುವುದು ಉಲ್ಟಾ. ಹೊಟ್ಟೆಯೊಳಗಿನ ಕೊಬ್ಬು ಬೆಳೆದಂತೆ ಇದು ಇಳಿಯುತ್ತದೆ. ಯುರೋಪಿನವರಿಗೆ ಹೋಲಿಸಿದರೆ ದಕ್ಷಿಣ ಏಷ್ಯಾದವರಲ್ಲಿ ಇದರ ಮಟ್ಟ ಮೊದಲೇ ಕಮ್ಮಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ನಮ್ಮೂರ ಗಂಡಸರು “ನಾನೇನು ದಪ್ಪ ಇಲ್ವಲ್ಲ” ಎನ್ನುವಂತಿಲ್ಲ.

ಎರಡನೆಯದು ಅಪೊ-ಬಿ. ಯಕೃತ್ತು ತನ್ನಲ್ಲಿ ಸೇರಿದ ಕೊಬ್ಬನ್ನು ಪೊಟ್ಟಣ ಕಟ್ಟಿ ರಕ್ತಕ್ಕೆ ಕಳಿಸುತ್ತದೆ. ಒಂದೊಂದು ಪೊಟ್ಟಣಕ್ಕೂ ಒಂದು ಅಪೊ-ಬಿ ಬೇಕು. ಅದಿಲ್ಲದೆ ಕೊಬ್ಬು ಆಚೆ ಹೋಗುವುದಿಲ್ಲ. ಬರೀ ಗಂಜಿ ಕುಡಿದು ಪ್ರೋಟೀನಿಲ್ಲದೆ ಸೊರಗಿ, ಮೈ ಊದಿಕೊಳ್ಳುವ ಕ್ವಾಶಿಯೋರ್ಕರ್ ಮಕ್ಕಳ ಯಕೃತ್ತಿನಲ್ಲೂ ಕೊಬ್ಬು ತುಂಬಲು ಇಂಥ ಸಾಗಣೆ ಪ್ರೋಟೀನಿನ ಕೊರತೆ ಒಂದು ಕಾರಣವೆಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಹೊಟ್ಟೆ ತುಂಬ ಉಣ್ಣುವವರ ಕಥೆ ಬೇರೆ. ಅವರಲ್ಲಿ ಸಾಗಣೆ ನಿಂತಿರುವುದಿಲ್ಲ. ಕಳಿಸುವುದಕ್ಕಿಂತ ಬಂದು ಬೀಳುವುದು ಜಾಸ್ತಿ. ಕಟಾವಿನ ಕಾಲದಲ್ಲಿ ಫ್ಯಾಕ್ಟರಿ ಮುಂದೆ ಕಬ್ಬಿನ ಗಾಡಿಗಳು ನಿಂತ ಹಾಗೆ.

ಹಾಗಾದರೆ ಬಂದು ಬೀಳುವುದು ಎಲ್ಲಿಂದ? 2005ರಲ್ಲಿ ಪ್ರಕಟವಾದ, ಕೆಲವೇ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನದ ಪ್ರಕಾರ ಯಕೃತ್ತಿನ ಕೊಬ್ಬಿನಲ್ಲಿ ಸುಮಾರು ಶೇ. 60 ಮೈಯ ಕೊಬ್ಬಿನಿಂದ ಕರಗಿ ಬಂದದ್ದು. ಸುಮಾರು ಶೇ. 26 ಸಕ್ಕರೆ, ಪಿಷ್ಟದಂಥವುಗಳಿಂದ ಯಕೃತ್ತೇ ಹೊಸದಾಗಿ ತಯಾರಿಸಿದ್ದು. ಊಟದ ಎಣ್ಣೆ, ಜಿಡ್ಡಿನಿಂದ ನೇರವಾಗಿ ಬಂದದ್ದು ಸುಮಾರು ಶೇ. 15 ಮಾತ್ರ. ಅಂದರೆ ಕರಿದದ್ದು ಬಿಟ್ಟು, ದಿನಕ್ಕೆ ಆರು ಟೀ ಕುಡಿದು, ತಟ್ಟೆ ತುಂಬ ಅನ್ನ ಉಂಡರೆ ಪ್ರಯೋಜನವಿಲ್ಲ. ಬೆಲ್ಲವೂ ಇದಕ್ಕೆ ಹೊರತಲ್ಲ. ಅದರಲ್ಲಿರುವುದೂ ಬಹುಪಾಲು ಸಕ್ಕರೆಯೇ. ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯುವುದು ಸ್ವಲ್ಪ ಕಷ್ಟ.

ಡಬ್ಬದ ಪ್ರೋಟೀನು ಕುಡಿದರೆ ಅದು ಹೊಟ್ಟೆಯಲ್ಲಿ ಅರಗಿ ಚೂರಾಗುತ್ತದೆ, ಅಡಿಪೋನೆಕ್ಟಿನ್ ಆಗಿ ರಕ್ತಕ್ಕೆ ಹೋಗುವುದಿಲ್ಲ. ಎರಡನೇ ಸಲದ ಅನ್ನದ ಬದಲು ಹುರುಳಿಕಾಳು, ಮೊಟ್ಟೆ ತಿಂದರೆ ಒಳ್ಳೆಯದೇ. ಆದರೆ ಅದು ಅನ್ನ ಕಮ್ಮಿಯಾಗುವುದರಿಂದ, ಹೊಟ್ಟೆ ಬೇಗ ತುಂಬುವುದರಿಂದ ಆಗುವ ಲಾಭ. ಮೈತೂಕ ಶೇ. 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋ ಇರುವವರಿಗೆ ಮೊದಲ ಗುರಿ ನಾಲ್ಕೇ ಕಿಲೋ. ತೂಕ ಚೆನ್ನಾಗಿ ಇಳಿದರೆ ಅಡಿಪೋನೆಕ್ಟಿನ್ ತಾನೇ ಏರುತ್ತದೆ.

ತಿದ್ದುಪಡಿ ಬರೆದು ಕಳಿಸಿದೆವು, ಅಚ್ಚಾಗಲಿಲ್ಲ. ಆಕೆಗೆ ಫೋನ್ ಮಾಡಿ ಓದಿ ಹೇಳಿದೆವು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಊಟದ ವಿಷಯ ಡಾಕ್ಟರನ್ನೇ ಕೇಳಿ ಎಂದೆವು. ಎಲ್ಲ ಕೇಳಿಸಿಕೊಂಡು ಆಕೆ ಅಂದದ್ದು ಇಷ್ಟೇ: “ಸರಿ ಸಾ. ಡಬ್ಬ ಒಡ್ದಿಲ್ಲ, ಅಂಗಡಿಯೋರು ವಾಪಸ್ ತಗತಾರಾ?”

ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.