ನೂರಕ್ಕೆ ನೂರು

ನರರೋಗ ಇರುವವರಿಗೆ ದಿನನಿತ್ಯದ ಬದುಕು ಎಷ್ಟು ಕಷ್ಟವಾಗಿದೆ ಎಂದು ಕೇಳಿ ಅಂಕ ಹಾಕುವುದು, ಒಂದು ಕಾಯಿಲೆಯವರ ಅಂಕಗಳನ್ನು ಇನ್ನೊಂದು ಕಾಯಿಲೆಯವರ ಅಂಕಗಳ ಪಕ್ಕದಲ್ಲಿಟ್ಟು ನೋಡುವುದು ನನ್ನ ಪಿಎಚ್.ಡಿ. ಕೆಲಸ. 'ಹಾಗಾದರೆ ಯಾರಿಗೆ ಹೆಚ್ಚು ಕಷ್ಟ?' ಎಂದು ಗೆಳೆಯರು ಕೇಳುತ್ತಾರೆ. ಯಾವ ಅಳತೆಗೋಲು ಹಿಡಿದಿದ್ದೇವೆ ಎಂಬುದನ್ನು ಹೇಳದೆ ಇದಕ್ಕೆ ಉತ್ತರ ಕೊಡಲಾಗದು.

ಬಾರ್ತೆಲ್ ಸೂಚ್ಯಂಕ 1965ರದು. ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ನಡಿಗೆ, ಮೆಟ್ಟಿಲು ಹತ್ತುವುದು ಹೀಗೆ ಹತ್ತು ಬಾಬತ್ತುಗಳು, ಒಟ್ಟು 100 ಅಂಕ. ಲಕ್ವ ಹೊಡೆದವರು ಎಷ್ಟು ಚೇತರಿಸಿಕೊಂಡಿದ್ದಾರೆ ಎಂದು ತಿಳಿಯಲು ಇದು ಒಳ್ಳೆಯ ಸಾಧನ. ಇದನ್ನೇ ಮೂರ್ಛೆರೋಗವಿರುವ ಯುವತಿಯ ಮುಂದಿಟ್ಟರೆ? ಫಿಟ್ಸ್ ಬಾರದ ಹೊತ್ತಿನಲ್ಲಿ ಎಲ್ಲವನ್ನೂ ಅವಳೇ ಮಾಡಿಕೊಳ್ಳುತ್ತಾಳೆ. ನೂರಕ್ಕೆ ನೂರು. ಆದರೆ ಒಲೆಯ ಮುಂದೆ ಒಬ್ಬಳೇ ನಿಲ್ಲಲು ಮನೆಯವರು ಬಿಡುವುದಿಲ್ಲ, ಕೆರೆ ಬಾವಿಯ ಕಡೆ ಕಳಿಸುವುದಿಲ್ಲ, ಗಂಡಿನ ಕಡೆಯವರು ಬಂದಾಗ ಮಾತ್ರೆಯ ಡಬ್ಬಿಯನ್ನು ಬಚ್ಚಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯೇ 1999ರ ತಿದ್ದುಪಡಿಯವರೆಗೆ ಮರುಕಳಿಸುವ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಎಣಿಸಿತ್ತು. ಬಾರ್ತೆಲ್ ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಪಾರ್ಕಿನ್ಸನ್ ಕಾಯಿಲೆಯವರನ್ನು ಅಳೆಯುವ ತೊಡಕೇ ಬೇರೆ. ಲೆವೊಡೋಪಾ ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಅಂಗಳ ದಾಟಿ ಬರುವವರು, ಅದರ ಪ್ರಭಾವ ಇಳಿದಾಗ ಹೊಸ್ತಿಲಲ್ಲೇ ಕಾಲು ಅಂಟಿದಂತೆ ನಿಂತುಬಿಡಬಹುದು. ಹತ್ತು ಗಂಟೆಗೆ ಒಂದು ಅಂಕ, ಒಂದು ಗಂಟೆಗೆ ಇನ್ನೊಂದು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆಂದೇ ಜಾನ್ ಕರ್ಟ್ಸ್ಕಿ 1983ರಲ್ಲಿ ವಿಸ್ತರಿಸಿದ 0ಯಿಂದ 10ರವರೆಗಿನ ಮಾಪನ, 4ನ್ನು ದಾಟಿದ ಮೇಲೆ ಹೆಚ್ಚಾಗಿ ಓಡಾಟವನ್ನೇ ನೋಡುತ್ತದೆ. ಆ ಕಾಯಿಲೆಯ ವಿಪರೀತ ದಣಿವು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಎಲ್ಲ ಗುಂಪುಗಳಿಗೂ ಹೊಂದುವ ಒಂದು ಪ್ರಶ್ನಾವಳಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದೆ: ಹೂಡಾಸ್ 2.0. ಕಳೆದ 30 ದಿನಗಳ ಬಗ್ಗೆ 36 ಪ್ರಶ್ನೆಗಳು. ಗ್ರಹಿಕೆ, ಓಡಾಟ, ಸ್ವಂತ ಆರೈಕೆ, ಜನರೊಡನೆ ಒಡನಾಟ, ಮನೆ ಮತ್ತು ದುಡಿಮೆಯ ಕೆಲಸ, ಸಮಾಜದಲ್ಲಿ ಪಾಲ್ಗೊಳ್ಳುವುದು ಎಂದು ಆರು ಭಾಗ. ಬೇರೆಯವರ ನಡವಳಿಕೆಯಿಂದಾಗಿ ಮರ್ಯಾದೆಯಿಂದ ಬದುಕುವುದು ಕಷ್ಟವಾಯಿತೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಅಲ್ಲಿಯವರೆಗೆ 'ಏನೂ ತೊಂದರೆಯಿಲ್ಲ' ಎಂದು ಪಟಪಟನೆ ಹೇಳುತ್ತಿದ್ದವರು ಆ ಪ್ರಶ್ನೆ ಬಂದಾಗ ಜೊತೆಗೆ ಬಂದವರ ಮುಖ ನೋಡುವುದನ್ನು ಕಂಡಿದ್ದೇನೆ.

ಇಲ್ಲಿಯೂ ಒಂದು ಅಪಾಯವಿದೆ. ಒಬ್ಬರು ಓಡಾಟದಲ್ಲಿ, ಇನ್ನೊಬ್ಬರು ಒಡನಾಟದಲ್ಲಿ ಸೋತು ಇಬ್ಬರ ಮೊತ್ತವೂ ಒಂದೇ ಆಗಬಹುದು. ಸರಾಸರಿಗಳನ್ನಷ್ಟೇ ಹೋಲಿಸಿದರೆ 'ಗುಂಪುಗಳ ನಡುವೆ ವ್ಯತ್ಯಾಸವಿಲ್ಲ' ಎಂದು ಬರೆದು ಮುಗಿಸಬಹುದು. ಆದ್ದರಿಂದ ನಾನು ಆರು ಭಾಗಗಳನ್ನೂ ಬೇರೆಬೇರೆಯಾಗಿಯೇ ಓದುತ್ತೇನೆ.

ನಮ್ಮ ದೇಶದಲ್ಲಿ ಅಂಕಿಗೆ ಬೆಲೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದೇ ಇವೆ, ಮೂರ್ಛೆರೋಗದ ಹೆಸರಿಲ್ಲ. ಮೀಸಲಾತಿ ಬೇಕಾದರೆ ಕನಿಷ್ಠ ಶೇ. 40 ವೈಕಲ್ಯ ದೃಢಪಡಬೇಕು. ಪ್ರಮಾಣಪತ್ರಕ್ಕೆ ಕೊನೆಗೆ ಒಂದೇ ಅಂಕಿ ಬೇಕು, ನಿಜ. ಆದರೆ ಸಂಶೋಧನೆಗೂ ಒಂದೇ ಅಂಕಿ ಸಾಕೆಂದು ಒಪ್ಪಿಕೊಂಡರೆ, ಡಬ್ಬಿ ಬಚ್ಚಿಟ್ಟ ಮನೆಯ ಆ ಹುಡುಗಿ ನಮ್ಮ ಲೆಕ್ಕದಲ್ಲಿ ಏನೂ ತೊಂದರೆಯಿಲ್ಲದವಳಾಗಿಯೇ ಉಳಿಯುತ್ತಾಳೆ.