ಹಳೆಯ ಕಾರಿಗೊಂದು ಖಾತರಿ ಪತ್ರ

ಹೊಸ ವಸ್ತುವನ್ನು ಕೊಳ್ಳುವವನಿಗೆ ಹಣದ ಚಿಂತೆಯೊಂದೇ. ಹಳೆಯದನ್ನು ಕೊಳ್ಳುವವನಿಗೆ ಹಣದ ಜೊತೆಗೆ ಮನುಷ್ಯರ ಚಿಂತೆಯೂ ಗಂಟು ಬೀಳುತ್ತದೆ. ಇಷ್ಟು ಚೆನ್ನಾಗಿರುವುದನ್ನು ಇವನು ಮಾರುವುದೇಕೆ? ಚೆನ್ನಾಗಿದ್ದರೆ ತಾನೇ ಇಟ್ಟುಕೊಳ್ಳಬಾರದಿತ್ತೆ? ಒಮ್ಮೆ ಈ ಸಂಶಯ ತಲೆಯನ್ನು ಹೊಕ್ಕಿತೆಂದರೆ ಕಾರಿಗೆ ಎಷ್ಟು ಪಾಲಿಶು ತಿಕ್ಕಿದರೂ ಹೋಗುವುದಿಲ್ಲ. ಪಾಲಿಶು ಹೆಚ್ಚಿದಷ್ಟೂ ಸಂಶಯವೇ ಹೆಚ್ಚುತ್ತದೆ. ಈ ರೋಗಕ್ಕೆ ಮದ್ದೆಂದು ಪೇಟೆಯವರು ಕಂಡುಹಿಡಿದ ವಸ್ತುವೇ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ವಿಸ್ತೃತ ಖಾತರಿ. ಕಳೆದ ಡಿಸೆಂಬರಿನಲ್ಲಿ ಅದನ್ನು ಕೊಳ್ಳಬೇಕೆ, ಬಿಡಬೇಕೆ ಎಂಬ ಪ್ರಶ್ನೆ ನಾಲ್ಕು ದಿನ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಬಂದು ಕುಳಿತುಕೊಳ್ಳುತ್ತಿತ್ತು. ಕಾರಿನ ವಿಷಯ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದಲ್ಲವೆಂದು ಹಿರಿಯರಾರಾದರೂ ಹುಬ್ಬು ಗಂಟಿಕ್ಕಿದರೆ, ನನ್ನ ಅರ್ಥಶಾಸ್ತ್ರವೇ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆಂದು ಮೊದಲೇ ತಿಳಿಸಿಬಿಡುತ್ತೇನೆ.

ನಮ್ಮದು ಅಂಕೋಲೆಯ ಸಮೀಪದ ಒಂದು ಹಳ್ಳಿ. ಅಪ್ಪ ಇಪ್ಪತ್ತೆರಡು ವರ್ಷ ಪರರ ಟೆಂಪೋ ಓಡಿಸಿದವನು. ತನ್ನದೆಂದು ಒಂದು ಗಾಲಿಯೂ ಇರಲಿಲ್ಲ. ಆಯಿ ಮನೆಯ ಹಿಂದೆ ತರಕಾರಿ ಬೆಳೆದು ಅಂಕೋಲೆಯ ಪೇಟೆಯಲ್ಲಿ ಮಾರುತ್ತಿದ್ದಳು. ಎರಡು ವರ್ಷದಿಂದ ಅವಳಿಗೆ ಮೂತ್ರಪಿಂಡದ ಕಾಯಿಲೆ. ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬರಬೇಕು. ಬಸ್ಸಿನಲ್ಲಿ ಹೋದರೆ ನಸುಕಿನಲ್ಲಿ ಎದ್ದು ಹೊರಟು ರಾತ್ರಿ ಮನೆ ಸೇರುವುದು, ದಾರಿಯುದ್ದಕ್ಕೂ ಅವಳಿಗೆ ವಾಂತಿ. ಬಾಡಿಗೆ ಕಾರು ಮಾಡಿದರೆ ಒಂದು ಸಲಕ್ಕೆ ಐದಾರು ಸಾವಿರ. ಹನ್ನೆರಡು ಸಲದ ಬಾಡಿಗೆಯನ್ನು ಗುಣಿಸಿ ನೋಡಿದ ಮೇಲೆಯೇ ಅಪ್ಪ ಹಳೆಯ ಕಾರಿನ ಮಾತೆತ್ತಿದ್ದು. ಆದುದರಿಂದ ಇದು ಠೀವಿಯ ಕಾರಲ್ಲ.

ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯ ಬಳಿ 2018ರ ಒಂದು ವ್ಯಾಗನ್ ಆರ್ ಇತ್ತು. ಕೆ.ಎ. 25, ಅಂದರೆ ಧಾರವಾಡದ ನೋಂದಣಿ. ಓಡಿದ್ದು 61,000 ಕಿಲೋಮೀಟರು. ಬೆಲೆ 3,20,000 ರೂಪಾಯಿ. ಘಟ್ಟದ ಮೇಲಿನ ಗಾಡಿ ಎಂಬುದೇ ಅಪ್ಪನಿಗೆ ಅರ್ಧ ಸಮಾಧಾನ ಕೊಟ್ಟಿತ್ತು. ಕಾರಣವನ್ನು ಮುಂದೆ ಹೇಳುತ್ತೇನೆ. ಅಪ್ಪನ ಉಳಿತಾಯ, ಅಕ್ಕನ ಬಳೆಯ ಮೇಲಿನ ಸಾಲ, ಸೊಸೈಟಿಯ ಸಾಲ ಇವೆಲ್ಲ ಕೂಡಿ ಆ ಅಂಕಿಯ ಹತ್ತಿರಕ್ಕೆ ಬರುವಷ್ಟರಲ್ಲಿ ವ್ಯಾಪಾರಿ ಇನ್ನೊಂದು ಕಾಗದವನ್ನು ಮುಂದಿಟ್ಟ: ಬೇರೊಂದು ಕಂಪನಿಯ ಒಂದು ವರ್ಷದ ವಾರಂಟಿ, 14,500 ರೂಪಾಯಿ. ನಾಲ್ಕು ದಿನದಲ್ಲಿ ಹೇಳಬೇಕು.

ಕಾಗದ ಹನ್ನೊಂದು ಪುಟದ್ದು, ಇಂಗ್ಲಿಷಿನದು. ಅಪ್ಪ ಅದನ್ನು ನನ್ನ ಕೈಗಿತ್ತು, “ಓದಿ ಹೇಳು ತಮಾ. ಇಷ್ಟು ವರ್ಷ ಓದಿಸಿದ್ದು ಎಂತಕ್ಕೆ ಮತ್ತೆ?” ಎಂದು ನಕ್ಕ. ನಗೆ ನಿಜ, ಮಾತೂ ನಿಜ. ನಮ್ಮ ಮನೆತನದಲ್ಲಿ ಏಳನೆಯ ಇಯತ್ತೆ ದಾಟಿದವನು ನಾನೊಬ್ಬನೇ. ಬ್ಯಾಂಕಿನಿಂದ, ಆಸ್ಪತ್ರೆಯಿಂದ, ಕಚೇರಿಯಿಂದ ಬರುವ ಕಾಗದಗಳೆಲ್ಲ ನಾನು ಕಾರವಾರದಿಂದ ಸಂಜೆಯ ಬಸ್ಸಿಗೆ ಬರುವವರೆಗೂ ಗೋಡೆಯ ಗೂಡಿನಲ್ಲಿ ಕಾಯುತ್ತಿರುತ್ತವೆ. ಪರೀಕ್ಷೆಯ ಪ್ರಶ್ನಪತ್ರಿಕೆಗೆ ಅಂಜದ ನಾನು ಈ ಪತ್ರಿಕೆಗೆ ಅಂಜಿದೆ. ಅಲ್ಲಿ ಹತ್ತು ಅಂಕ ಹೋದರೆ ನನ್ನದು. ಇಲ್ಲಿ ಹೋಗುವುದು ಅಕ್ಕನ ಬಳೆ.

ಬಸ್ಸಿನಲ್ಲಿ ಒಂದು ಸಲ, ಗ್ರಂಥಾಲಯದಲ್ಲಿ ಎರಡು ಸಲ ಓದಿದೆ. ಯಾವ ಯಾವ ಭಾಗ ಕೆಟ್ಟರೆ ದುರಸ್ತಿ ಮಾಡಿಕೊಡುತ್ತಾರೆಂಬುದು ಒಂದು ಪುಟ: ಇಂಜಿನಿನ ಒಳಭಾಗ, ಗೇರ್‌ಬಾಕ್ಸು, ಇನ್ನು ಕೆಲವು. ಯಾವುದನ್ನು ಮಾಡಿಕೊಡುವುದಿಲ್ಲವೆಂಬುದು ಮೂರು ಪುಟ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ, ಟೈರು, ರಬ್ಬರಿನ ಬುಶ್ಶುಗಳು ಸವೆಯುವ ವಸ್ತುಗಳಾದ್ದರಿಂದ ಇಲ್ಲ. ಕೊಳ್ಳುವಾಗಲೇ ಇದ್ದ ದೋಷ ಇಲ್ಲ. ನೀರು ನುಗ್ಗಿ ಕೆಟ್ಟದ್ದು ಇಲ್ಲ. ತುಕ್ಕು ಹಿಡಿದದ್ದು ಇಲ್ಲ. ಗಾಡಿಯನ್ನು ಬಾಡಿಗೆಗೆ ಓಡಿಸಿದರೆ ಯಾವುದೂ ಇಲ್ಲ. ಹೇಳಿದ ಸಮಯಕ್ಕೆ ಅವರು ಹೇಳಿದ ಕಾರ್ಯಾಗಾರದಲ್ಲೇ ಸರ್ವಿಸ್ ಮಾಡಿಸದಿದ್ದರೆ ಪತ್ರವೇ ರದ್ದು. ಒಟ್ಟು ಪರಿಹಾರ 40,000 ರೂಪಾಯಿ ಮೀರುವಂತಿಲ್ಲ. ಇನ್ನು 14,500ರಲ್ಲಿ ಶೇಕಡಾ 18ರ ಜಿ.ಎಸ್.ಟಿ. ಒಳಗೊಂಡಿದೆ, ಎಂದರೆ ಎರಡು ಸಾವಿರಕ್ಕೂ ಮಿಕ್ಕಿ ಹಣ ಯಾವ ನಟ್ಟು ಬೋಲ್ಟನ್ನೂ ಕಾಯದೆ ನೇರವಾಗಿ ಸರಕಾರದ ಬೊಕ್ಕಸಕ್ಕೆ.

ತುಕ್ಕು ಇಲ್ಲ ಎಂಬ ಮಾತನ್ನು ಓದಿದಾಗ ನನಗೆ ನಗು ಬಂತು. ಈ ಪತ್ರವನ್ನು ಬರೆದ ಮಹಾನುಭಾವ ಕಡಲು ಕಂಡವನಲ್ಲ, ಇಲ್ಲವೆ ಚೆನ್ನಾಗಿ ಕಂಡೇ ಬರೆದಿರಬೇಕು. ಕಾರವಾರದಲ್ಲಿ ಹೆದ್ದಾರಿ ಕಡಲಿನ ಮಗ್ಗುಲಲ್ಲೇ ಹಾಯುತ್ತದೆ. ಗಾಳಿಯಲ್ಲಿ ಉಪ್ಪು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಣ್ಣ ಎಲ್ಲಿ ಗೀಚಿದೆಯೋ ಅಲ್ಲಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಬಾಗಿಲಿನ ಅಡಿಯಂಚು, ಸೈಲೆನ್ಸರು, ಬ್ರೇಕಿನ ಎಣ್ಣೆಯ ಕೊಳವೆ ಒಂದೊಂದಾಗಿ ಹೋಗುತ್ತವೆ. ತಂತಿಯ ಜೋಡಣೆಗಳಲ್ಲಿ ಹಸಿರು ಕಿಲುಬು ಕೂಡುತ್ತದೆ. ನಮ್ಮ ಮಾವ ಅಂಕೋಲೆಯ ಗ್ಯಾರೇಜೊಂದರಲ್ಲಿ ಹದಿನೈದು ವರ್ಷದಿಂದ ದುಡಿಯುತ್ತಾನೆ. “ಈ ಕಡೆ ಗಾಡಿ ಇಂಜಿನಿಂದ ಸಾಯುದಿಲ್ಲ, ತಳದಿಂದ ಸಾಯ್ತದೆ” ಎಂಬುದು ಅವನ ಸಿದ್ಧಾಂತ. ಘಟ್ಟದ ಮೇಲಿನ ಗಾಡಿಗಾಗಿ ಅಪ್ಪ ಹುಬ್ಬಳ್ಳಿಯವರೆಗೆ ಹೋದದ್ದು ಇದೇ ಕಾರಣಕ್ಕೆ. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಹೂಡಿ ಅಂಕೋಲೆ ಹೆಸರಾಯಿತು. ಅದೇ ಉಪ್ಪು ಇಂದು ನಮ್ಮ ಸೈಲೆನ್ಸರುಗಳ ಮೇಲೆ ಕರ ವಸೂಲು ಮಾಡುತ್ತಿದೆ, ಮತ್ತು ಇದರ ವಿರುದ್ಧ ಸತ್ಯಾಗ್ರಹ ಸಾಗುವಂತಿಲ್ಲ.

ಮನೆಯಲ್ಲಿ ಮೊದಲು ಒಂದು ಗೊಂದಲವನ್ನು ಬಿಡಿಸಬೇಕಾಯಿತು. ವಾರಂಟಿ ಬೇರೆ, ವಿಮೆ ಬೇರೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ಗಂಗಾವಳಿಯಲ್ಲಿ ಹೂತುಹೋದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿಯ ಹಳೆಯ ಸೇತುವೆ ಮುರಿದುಬಿತ್ತು. ಅಂದಿನಿಂದ ಆಯಿಗೆ ಆ ರಸ್ತೆಯೆಂದರೆ ಭಯ, ಮಣಿಪಾಲದ ದಾರಿಯೂ ಶಿರೂರಿನ ಮೇಲೆಯೇ. ಈ ಪತ್ರವಿದ್ದರೆ ಅಂಥದಕ್ಕೂ ಹಣ ಬರುತ್ತದೆಂದು ಅವಳು ತಿಳಿದಿದ್ದಳು. ಇಲ್ಲ, ಗುಡ್ಡ ಕುಸಿತ, ನೆರೆ, ಅಪಘಾತಗಳಿಂದ ಗಾಡಿಗೆ ಆಗುವ ಹಾನಿ ಸಮಗ್ರ ವಿಮೆಯ ಪಾಲಿನದು. ಕಾನೂನು ಕಡ್ಡಾಯ ಮಾಡಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ, ಅಷ್ಟರಲ್ಲೇ ನಿಂತರೆ ನಮ್ಮ ಗಾಡಿಗೆ ಏನೂ ಸಿಗದು. ಸಮಗ್ರ ವಿಮೆಯಿದ್ದರೂ ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಚಾಲೂ ಮಾಡಲು ಹೋಗಿ ಇಂಜಿನು ಕೆಟ್ಟರೆ, ಪ್ರತ್ಯೇಕ ರಕ್ಷಣೆ ತೆಗೆದುಕೊಳ್ಳದವರಿಗೆ ಸಾಮಾನ್ಯವಾಗಿ ಪರಿಹಾರವಿಲ್ಲ. ಹಳೆಯ ಕಾರಿನ ವಿಮೆಯನ್ನು ಕೊಂಡವನ ಹೆಸರಿಗೆ ಮಾಡಿಸಿಕೊಳ್ಳಲು ಹದಿನಾಲ್ಕು ದಿನದೊಳಗೆ ಅರ್ಜಿ ಹಾಕಬೇಕೆಂಬುದನ್ನೂ ಆಗಲೇ ಗೊತ್ತುಮಾಡಿಕೊಂಡೆ.

ಎರಡನೆಯ ರಾತ್ರಿಗೆ ಅಪ್ಪನೂ ಮಾವನೂ ‘ಬೇಡ’ದ ಕಡೆಗೆ ವಾಲಿದ್ದರು. ಆಗ ಆಯಿ ಒಂದು ಮಾತು ಹೇಳಿದಳು: “ಸಣ್ಣ ಪೆಟ್ಟು ಹತ್ತು ಬಂದ್ರೂ ತಡೀಬಹುದು. ದೊಡ್ಡದು ಒಂದು ಬಂದ್ರೆ ನಾವು ಏಳುದುಂಟಾ?” ನಾನು ಪುಸ್ತಕ ಮುಚ್ಚಿದೆ. ಇದು ಭಯದ ಮಾತಲ್ಲ, ವಿಮಾಶಾಸ್ತ್ರದ ಮೂಲಸೂತ್ರವೇ. ತಾನೇ ತಾಳಿಕೊಳ್ಳಬಲ್ಲ ನಷ್ಟಕ್ಕೆ ಪರರಿಗೆ ಹಣ ತೆರಬಾರದು. ತಾಳಿಕೊಳ್ಳಲಾಗದ ನಷ್ಟಕ್ಕೆ ತೆರಬೇಕು. ಸಂಬಳದಾರನಿಗೆ 40,000 ರೂಪಾಯಿಯ ದುರಸ್ತಿ ಒಂದು ಬೇಸರ, ನಮಗೆ ಅದೇ ಆಯಿಯ ಎಂಟು ತಿಂಗಳ ಔಷಧ. ಹಾಗಾದ್ದರಿಂದ ಉಳ್ಳವರು ಬೇಡವೆಂದ ಕಾಗದ ನಮಗೂ ಬೇಡವೆಂದು ಹೇಳಿಬಿಡುವಂತಿರಲಿಲ್ಲ.

ಮರುದಿನ ಗ್ರಂಥಾಲಯದಲ್ಲಿ ಒಂದು ಹೆಸರು ನೆನಪಾಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಒಂದು ಲೇಖನಕ್ಕೆ ಹಳೆಯ ಕಾರುಗಳ ಪೇಟೆಯೇ ಮುಖ್ಯ ಉದಾಹರಣೆ. ಕಾರಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಎಲ್ಲವನ್ನೂ ಸಂಶಯದಿಂದಲೇ ನೋಡಿ ಬೆಲೆಯಿಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಪ್ಪುವುದಿಲ್ಲ. ಕೊನೆಗೆ ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಇದಕ್ಕೆ ಅವರು ಹೇಳುವ ಪರಿಹಾರಗಳಲ್ಲಿ ಖಾತರಿಯೂ ಒಂದು. 2001ರಲ್ಲಿ ಅವರಿಗೆ ಮೈಕಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಸ್ಪೆನ್ಸ್ ಅವರು 1973ರಲ್ಲಿ ಇದೇ ವಿಚಾರವನ್ನು ನೌಕರಿಯ ಪೇಟೆಗೆ ಅನ್ವಯಿಸಿ, ಪದವಿಯೆಂಬುದು ಅಭ್ಯರ್ಥಿಯ ಯೋಗ್ಯತೆಯನ್ನು ಮಾಲೀಕನಿಗೆ ಸೂಚಿಸುವ ಗುರುತು ಎಂದು ಬರೆದರು. ಎಂದಮೇಲೆ ನನ್ನ ಬಿ.ಎ.ಯೂ ಒಂದು ಬಗೆಯ ಖಾತರಿ ಪತ್ರವೇ. ಅದರಲ್ಲಿ ಯಾವ ಯಾವ ಭಾಗ ಸೇರಿಲ್ಲವೆಂಬುದನ್ನು ಸದ್ಯ ಪ್ರಕಟಿಸುವ ಇಚ್ಛೆ ನನಗಿಲ್ಲ.

ಅದಿರಲಿ. ಖಾತರಿ ಸಂಶಯವನ್ನು ಕಳೆಯುವುದು ಹೇಗೆ? ಕೆಟ್ಟ ಕಾರಿನವನು ತನ್ನ ಕಾರಿಗೆ ತಾನೇ ಹೊಣೆಯಾದರೆ ಅವನಿಗೇ ನಷ್ಟ; ಆದುದರಿಂದ ಹೊಣೆ ಹೊರಲು ಮುಂದೆ ಬಂದವನ ಕಾರು ಬಹುಶಃ ಒಳ್ಳೆಯದು. ನನ್ನ ಅಜ್ಜ ಎತ್ತು ಕೊಳ್ಳುತ್ತಿದ್ದುದೂ ಹೀಗೆಯೇ. ಹಲ್ಲೆಣಿಸಿ, ಬಾಲ ಮುಟ್ಟಿ, ಗೊರಸು ನೋಡಿದ ಮೇಲೂ “ಮೂರು ದಿನ ಹೂಡಿ ನೋಡ್ತೆ” ಎನ್ನುತ್ತಿದ್ದನಂತೆ. ಹೂಡಲು ಒಪ್ಪಿದವನ ಎತ್ತನ್ನು ಎಷ್ಟೋ ಸಲ ಹೂಡದೆಯೇ ಕೊಂಡದ್ದೂ ಉಂಟಂತೆ. ನಮ್ಮ ಮುಂದಿದ್ದ 14,500ರ ಕಾಗದದಲ್ಲಿ ಈ ಗುಣವೇ ಇರಲಿಲ್ಲ. ಹೊಣೆ ವ್ಯಾಪಾರಿಯದಲ್ಲ, ಬೇರೆ ಕಂಪನಿಯದು. ಆ ಕಂಪನಿ ಅಂಗಳದಲ್ಲಿ ನಿಂತ ಒಳ್ಳೆಯ ಕಾರಿಗೂ ಕೆಟ್ಟ ಕಾರಿಗೂ ಅದೇ ಬೆಲೆಗೆ ಅದೇ ಪತ್ರ ಮಾರುತ್ತದೆ. ಪತ್ರವಿದ್ದ ಮಾತ್ರಕ್ಕೆ ಕಾರಿನ ವಿಷಯದಲ್ಲಿ ನಮಗೆ ತಿಳಿದದ್ದು ಏನೂ ಇಲ್ಲ. ಅಲ್ಲದೆ, ಗಾಡಿ ಕೆಟ್ಟಿತೆನ್ನಿ: ಅದು ಅವರು ಹೇಳಿದ ಕಾರ್ಯಾಗಾರಕ್ಕೆ ಹೋಗಿ, ತಪಾಸಣೆಯಾಗಿ, ಒಪ್ಪಿಗೆ ಬಂದು, ದುರಸ್ತಿಯಾಗಿ ಮರಳುವುದರೊಳಗೆ ಆಯಿಯ ಮಣಿಪಾಲದ ದಿನ ದಾಟಿರುತ್ತದೆ. ಹಣ ಬಂದರೂ ಆ ದಿನ ಬಾರದು.

ನಾನು ಇದನ್ನೆಲ್ಲ ಹೇಳಿ ಮುಗಿಸಿದಾಗ ಅಪ್ಪ ಅಕರ್ಲಾಫರನ್ನು ಪಕ್ಕಕ್ಕೆ ಸರಿಸಿ ಎತ್ತಿನ ಮಾತನ್ನು ಹಿಡಿದುಕೊಂಡ. ನಾಲ್ಕನೆಯ ದಿನ ಹುಬ್ಬಳ್ಳಿಗೆ ಫೋನು ಮಾಡಿ, “ಆ ಕಂಪನಿ ಕಾಗದ ಬೇಡ ಸಾವ್ಕಾರ್ರೇ. ಇಂಜಿನಿಗೆ, ಗೇರ್‌ಬಾಕ್ಸಿಗೆ ಆರು ತಿಂಗಳು ನೀವೇ ಜವಾಬ್ದಾರಿ ಅಂತ ಸಹಿ ಹಾಕಿ ಬರ್ದುಕೊಡಿ, ಮೇಲೆ ಐದು ಸಾವಿರ ಕೊಡ್ತೆ” ಎಂದ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆರು ತಿಂಗಳು ಆಗುವುದಿಲ್ಲ ಎಂದ ವ್ಯಾಪಾರಿ. ಅಪ್ಪ ಫೋನಿಡಲಿಲ್ಲ, ಮಾತೂ ಆಡಲಿಲ್ಲ. ಕೊನೆಗೆ ಮೂರು ತಿಂಗಳಿಗೆ, ಮೂರು ಸಾವಿರಕ್ಕೆ ನಿಂತಿತು. ಅಪ್ಪ, ಮಾವ, ನಾನು ಮೂವರೂ ಹೋದೆವು. ಮಾವ ಪೆಡಲಿನ ರಬ್ಬರು ಎಷ್ಟು ಸವೆದಿದೆಯೆಂದು ನೋಡಿ ಮೀಟರಿನ ಅಂಕಿಯೊಡನೆ ತಾಳೆ ಹಾಕಿದ, ಹಳೆಯ ಸರ್ವಿಸ್ ದಾಖಲೆ ತರಿಸಿದ, ಕಲಘಟಗಿಯವರೆಗೆ ಓಡಿಸಿ ತಂದ. ಪತ್ರದ ಒಕ್ಕಣೆ ಮಾತ್ರ ನನ್ನದು. ಕನ್ನಡದಲ್ಲಿ ಒಂಬತ್ತು ಸಾಲು.

ಆ ಒಂಬತ್ತು ಸಾಲಿಗಾಗಿ ನಾನು ಸರಕು ಮಾರಾಟದ ಕಾಯಿದೆಯನ್ನು ತಿರುವಿ ಹಾಕಿದ್ದೆ. ಅದೂ 1930ರದೇ. ಅದರ ಪ್ರಕಾರ ವಾರಂಟಿ ಮುರಿದರೆ ಕೊಂಡವನು ನಷ್ಟ ಕೇಳಬಹುದೇ ಹೊರತು ವಸ್ತುವನ್ನು ಹಿಂದಿರುಗಿಸುವಂತಿಲ್ಲ. ಹಿಂದಿರುಗಿಸುವ ಹಕ್ಕು ಬರುವುದು ಷರತ್ತು ಮುರಿದಾಗ. ಆದ್ದರಿಂದ ‘ಷರತ್ತು’ ಎಂಬ ಶಬ್ದವನ್ನೇ ಬರೆದೆ. ವ್ಯಾಪಾರಿ ಓದಿ ಸಹಿ ಹಾಕಿದ. ಮಾತಿಗೆ ತಪ್ಪಿದರೆ ದಾರಿಯೇನೆಂಬುದನ್ನೂ ನೋಡಿಟ್ಟಿದ್ದೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಂದಿನಿಂದ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದ ಅವಧಿಯಿದೆ, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನಮ್ಮ ಜಿಲ್ಲೆಯ ಆಯೋಗ ಕಾರವಾರದಲ್ಲೇ ಇದೆ. ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲವೆಂದು ತಿಳಿದು ಅಪ್ಪನಿಗೆ ಕಾರು ಕೊಂಡದ್ದಕ್ಕಿಂತ ಹೆಚ್ಚು ಹರ್ಷವಾದಂತೆ ತೋರಿತು.

ಉಳಿದ 11,500 ರೂಪಾಯಿಯನ್ನು ಅಂಚೆ ಕಚೇರಿಯಲ್ಲಿ ಆಯಿಯ ಹೆಸರಿನಲ್ಲಿ ಇಟ್ಟೆವು. ಅವಳ ದೊಡ್ಡ ಪೆಟ್ಟಿನ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. 40,000ದ ದುರಸ್ತಿ ನಾಳೆ ಬಂದರೆ ಇದು ಮೂರರಲ್ಲೊಂದು ಪಾಲಿಗೂ ಸಾಲದು. ಅದನ್ನು ಅವಳಿಗೆ ಮುಚ್ಚಿಡಲಿಲ್ಲ. “ತಿಂಗಳಿಗೆ ಐನೂರು ಸೇರಿಸ್ತಾ ಹೋಗುವಾ” ಎಂದಳು. ಬಾಡಿಗೆ ಕಾರಿನ ಲೆಕ್ಕದಲ್ಲಿ ಅಷ್ಟು ಉಳಿಯುತ್ತದೆ. ಪುಸ್ತಕ ಅವಳ ಬಳಿಯೇ ಇದೆ, ತರಕಾರಿಯ ಲೆಕ್ಕದ ಜೊತೆಗೆ.

ಮಾರ್ಚಿಯಲ್ಲಿ ಬ್ಯಾಟರಿ ಹೋಯಿತು. 4,200 ರೂಪಾಯಿ. ಕಂಪನಿಯ ಮೂರು ಪುಟದಲ್ಲಿ ಮೊದಲ ಪುಟದಲ್ಲೇ ಇದ್ದ ವಸ್ತು. ಆಯಿ ಅಂಚೆ ಕಚೇರಿಗೆ ತಾನೇ ಹೋಗಿ ಹಣ ತೆಗೆದು ತಂದಳು, ಮಧ್ಯಾಹ್ನದೊಳಗೆ ಮಾವ ಹೊಸದನ್ನು ಕೂಡಿಸಿದ. ವ್ಯಾಪಾರಿಯ ಮೂರು ತಿಂಗಳು ಅದೇ ತಿಂಗಳ ಕೊನೆಗೆ ಮುಗಿದವು. ಇಂಜಿನಿನ ತಕರಾರು ಈವರೆಗೆ ಇಲ್ಲ. ಮಳೆ ಹಿಡಿಯುವ ಮುಂಚೆ ತಳಕ್ಕೆ ತುಕ್ಕುನಿರೋಧಕ ಲೇಪನ ಬಳಿಸಬೇಕೆಂದು ಮಾವ ಅವಸರ ಮಾಡುತ್ತಿದ್ದಾನೆ. ಈ ಸಲದ ಮಣಿಪಾಲದ ದಿನ ನನ್ನ ಪರೀಕ್ಷೆಯ ದಿನವೇ ಬಿದ್ದಿರುವುದರಿಂದ ಅವರಿಬ್ಬರೇ ಹೋಗುತ್ತಾರೆ.