ಶೂನ್ಯವೂ ಅಭಾವವೂ

ಕಳೆದ ಸಂಕ್ರಾಂತಿಯ ಮರುದಿನ ಬೆಳಗಿನ ಜಾವದಲ್ಲಿ ನಾವು ಸ್ನಾನವನ್ನು ತೀರಿಸಿ ಜಗಲಿಗೆ ಬರುವಷ್ಟರಲ್ಲಿ, ನಮ್ಮ ಹಳೆಯ ಶಿಷ್ಯನೊಬ್ಬನು ಕಂಬಕ್ಕೆ ಒರಗಿ ಕುಳಿತಿದ್ದನು. ಊರಿಗೆ ನೀರನ್ನು ಒದಗಿಸುವ ತೊಟ್ಟಿಯ ಬಳಿ ರಾತ್ರಿಯ ಪಾಳಿಯಲ್ಲಿ ಪಂಪನ್ನು ನಡೆಯಿಸುವುದು ಅವನ ಉದ್ಯೋಗ. ದಿನಗೂಲಿಯದಾದುದರಿಂದ ಬೇಡವೆಂದರೆ ಆ ದಿನವೇ ಮುಗಿಯಿತು. ಅವನ ಕೈಯಲ್ಲಿ ಒಂದು ಕಾಗದವಿತ್ತು. ರಾತ್ರಿ ಎರಡರಿಂದ ಐದು ಘಂಟೆಯವರೆಗೆ ತೊಟ್ಟಿಯ ನೀರಿನ ಮಟ್ಟದ ದಾಖಲೆಯು ಒಂದು ತಿಂಗಳಿನಿಂದ ಇಲ್ಲದಿರುವುದಕ್ಕೆ ಏಳು ದಿನಗಳೊಳಗಾಗಿ ಸಮಜಾಯಿಷಿ ಕೊಡತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಯಂತ್ರವನ್ನು ಆರಿಸಿ ನಿದ್ರೆಮಾಡುತ್ತಾನೆಂಬುದು ಮೇಲಿನವರ ಊಹೆ.

"ನಿಜ ಹೇಳು, ಮಲಗಿದ್ದೆಯೇನು?" ಎಂದು ನಾವು ಕೇಳಿದೆವು. ಮೂವತ್ತು ವರ್ಷ ಬೆತ್ತ ಹಿಡಿದವನ ನಾಲಗೆಗೆ ಮೊದಲು ಬರುವ ಪ್ರಶ್ನೆ ಇಂಥದೇ. ಅವನು ತಲೆ ತಗ್ಗಿಸಿ, "ಇಲ್ಲ ಮೇಷ್ಟ್ರೇ. ಅದು ತಾನಾಗಿಯೇ ನಿಂತುಹೋಗುತ್ತದೆ, ತಾನಾಗಿಯೇ ಬರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ" ಎಂದನು.

ದೈವಯೋಗದಿಂದ ನಮ್ಮ ತಂಗಿಯ ಮಗನು ಹಬ್ಬಕ್ಕೆಂದು ಬಂದಿದ್ದನು. ಒಂದು ಕಾರ್ಖಾನೆಯಲ್ಲಿ ಶಾಖ, ಒತ್ತಡ, ನೀರಿನ ಮಟ್ಟ ಇವುಗಳನ್ನಳೆಯುವ ಉಪಕರಣಗಳನ್ನು ನೋಡಿಕೊಳ್ಳುವುದೇ ಅವನ ವೃತ್ತಿ. ಅವನು ಕಾಗದವನ್ನೋದಿ ನಮ್ಮನ್ನು ಕೇಳಿದ ಮೊದಲ ಮಾತು ಇದು: "ಮಾವ, ಆ ಹೊತ್ತಿನಲ್ಲಿ ಸೊನ್ನೆ ಬರುತ್ತದೆಯೋ, ಏನೂ ಬರುವುದಿಲ್ಲವೋ?" ಎರಡಕ್ಕೂ ಏನು ಭೇದವೆಂದು ನಾವು ಕೇಳಬಹುದಾಗಿತ್ತು, ಆದರೆ ಕೇಳಲಿಲ್ಲ. ಅದೇಕೆಂದರೆ, ಹಿಂದೊಮ್ಮೆ ಅರ್ಧವಾರ್ಷಿಕ ಪರೀಕ್ಷೆಯ ಪಟ್ಟಿಯಲ್ಲಿ, ತಂದೆಯ ಸಾವಿನಿಂದ ಶಾಲೆಗೆ ಬಾರದಿದ್ದ ಹುಡುಗನೊಬ್ಬನ ಹೆಸರಿನ ಮುಂದೆ ಗೈರುಹಾಜರಿಯೆಂದು ಬರೆಯುವುದಕ್ಕೆ ಬದಲಾಗಿ ನಾವು ಸೊನ್ನೆಯನ್ನು ಬರೆದುಬಿಟ್ಟಿದ್ದೆವು. ಅದನ್ನು ಓದಿ ಆ ತಾಯಿ ಅತ್ತುದನ್ನು ನಾವು ಮರೆತಿಲ್ಲ.

ತೊಟ್ಟಿಯ ತಳದಲ್ಲಿ ಒತ್ತಡವನ್ನಳೆಯುವ ಒಂದು ಉಪಕರಣವಿದೆ. ಟ್ರಾನ್ಸ್‌ಮಿಟರ್ ಎಂದು ಅದರ ಹೆಸರು. ಮೇಲಿನ ನೀರಿನ ಭಾರವನ್ನು ಅದು ಅರಿತು, ಎರಡು ತಂತಿಗಳ ಮೂಲಕ ಅಳತೆಗೆ ತಕ್ಕಷ್ಟು ವಿದ್ಯುತ್ತನ್ನು ಹರಿಯಬಿಡುತ್ತದೆ. ತೊಟ್ಟಿ ಬರಿದಾಗಿದ್ದರೆ 4 ಮಿಲಿಆಂಪಿಯರು, 5 ಮೀಟರು ತುಂಬಿದ್ದರೆ 20, ಅರ್ಧವಿದ್ದರೆ 12. ಬರಿದಾದ ತೊಟ್ಟಿಗೆ ಸೊನ್ನೆಯನ್ನಿಡದೆ ನಾಲ್ಕನ್ನು ಏಕಿಟ್ಟರೆಂಬುದೇ ಸ್ವಾರಸ್ಯ. ಸೊನ್ನೆಯನ್ನಿಟ್ಟಿದ್ದರೆ, ನೀರಿಲ್ಲವೆಂಬ ವರ್ತಮಾನಕ್ಕೂ ತಂತಿ ಕಡಿದಿದೆಯೆಂಬುದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ವಿದ್ಯುತ್ತಿಗಿಂತ ಹಿಂದೆ ಕಾರ್ಖಾನೆಗಳಲ್ಲಿ ಸಣ್ಣ ಕೊಳವೆಗಳಲ್ಲಿ ಗಾಳಿಯನ್ನು ಕಳುಹಿಸಿ ಅಳತೆ ತಿಳಿಸುತ್ತಿದ್ದ ಕಾಲದಲ್ಲಿಯೂ, ಚದರಂಗುಲಕ್ಕೆ 3 ಪೌಂಡಿನಿಂದ 15ರವರೆಗೆಂದು ಇದೇ ಕ್ರಮವನ್ನಿಟ್ಟಿದ್ದರಂತೆ.

ಮಡಕೆ ಇಲ್ಲವೆಂಬುದನ್ನು ಕಣ್ಣಿಗೆ ಕಾಣದಿರುವುದರಿಂದ ತಿಳಿಯುತ್ತೇವಷ್ಟೆ. ಆದರೆ ಇದ್ದಿದ್ದರೆ ಕಾಣಬಹುದಾಗಿದ್ದ ಸ್ಥಳದಲ್ಲಿ ಮಾತ್ರ ಆ ಕಾಣದಿರುವಿಕೆಯು ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಮಡಕೆ ಇಲ್ಲವೆಂದು ಹೇಳಲಾಗದು. ಇದನ್ನು ನಮ್ಮ ಶಾಸ್ತ್ರಕಾರರು ಯೋಗ್ಯಾನುಪಲಬ್ಧಿಯೆಂದು ಕರೆದಿದ್ದಾರೆ. ಆ ನಾಲ್ಕು ಮಿಲಿಆಂಪಿಯರು ಕೋಣೆಯಲ್ಲಿ ಹಚ್ಚಿಟ್ಟ ದೀಪವೆಂದು ನಾವು ಹೇಳಿದಾಗ ಅಳಿಯನು ನಕ್ಕು, "ಪರವಾಗಿಲ್ಲ ಮಾವ, ನಿಮ್ಮನ್ನು ನಮ್ಮ ಕಾರ್ಖಾನೆಗೆ ಸೇರಿಸಿಕೊಳ್ಳಬಹುದು" ಎಂದನು.

ಕಛೇರಿಯ ಗಣಕಯಂತ್ರದಲ್ಲಿ ಆ ಮೂರು ಘಂಟೆಗಳ ಕಾಲ ಸೊನ್ನೆಯಿರಲಿಲ್ಲ, ಬರಿಯ ಗೀಟುಗಳಿದ್ದವು. ಪ್ರವಾಹವು 3.6ಕ್ಕಿಂತ ಕೆಳಗಿಳಿದರೆ ಅಥವಾ 21ನ್ನು ಮೀರಿದರೆ ಅದು ಅಳತೆಯಲ್ಲ, ದೋಷವೆಂದು ಎಣಿಸುವುದು ಈ ವೃತ್ತಿಯವರ ರೂಢಿ. ಅದೇ ಪೆಟ್ಟಿಗೆಗೆ ಬರುವ ಕೊಳಾಯಿಯ ಒತ್ತಡದ ಅಂಕಿಗಳು ಮಾತ್ರ ರಾತ್ರಿಯೆಲ್ಲ ಬಂದಿದ್ದವು. ಆದುದರಿಂದ ಗಣಕಯಂತ್ರವೂ ಕೆಟ್ಟಿಲ್ಲ, ಯಾರೂ ಅದನ್ನು ಆರಿಸಿಯೂ ಇಲ್ಲ, ದೋಷವು ಈ ಒಂದೇ ತಂತಿಯ ಹಾದಿಯಲ್ಲಿದೆಯೆಂದು ಅಳಿಯನು ನಿಶ್ಚಯಿಸಿದನು. ನಮ್ಮ ಶಿಷ್ಯನ ಮೇಲಿನ ಅರ್ಧ ಆರೋಪವು ಅಲ್ಲಿಗೇ ಬಿದ್ದುಹೋಯಿತು.

ಉಳಿದರ್ಧಕ್ಕೆ ನೆರವಾದುದು ಅವನ ನೋಟುಪುಸ್ತಕ. ತೊಟ್ಟಿಯ ಹೊರಗೋಡೆಯಲ್ಲಿ ಮಟ್ಟವನ್ನು ತೋರಿಸುವ ಬಣ್ಣದ ಪಟ್ಟಿಯೊಂದಿದೆ. ಯಾರೂ ಹೇಳದಿದ್ದರೂ ಅವನು ಅರ್ಧ ಘಂಟೆಗೊಮ್ಮೆ ಟಾರ್ಚು ಬಿಟ್ಟು ಅದನ್ನು ನೋಡಿ, ಕೋಳಿಕಾಲಿನಂತಹ ಅಕ್ಷರಗಳಲ್ಲಿ (ಆ ಅಕ್ಷರಕ್ಕಾಗಿ ಅವನು ನಮ್ಮಿಂದ ತಿಂದ ಪೆಟ್ಟು ಸ್ವಲ್ಪವಲ್ಲ) ಬರೆದಿಟ್ಟಿದ್ದನು. ಗೀಟುಗಳ ಪಟ್ಟಿಯನ್ನೂ ಈ ಪುಸ್ತಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲಾಗಿ, ಅಂಕಿಗಳು ನಿಲ್ಲುವುದು ಘಂಟೆಯನ್ನು ಅನುಸರಿಸಿ ಅಲ್ಲ, ನೀರು ಮೂರೂವರೆ ಮೀಟರಿಗೆ ಸಮೀಪಿಸಿದಾಗ ಎಂಬುದು ಹೊರಬಿದ್ದಿತು. ಐದು ಘಂಟೆಗೆ ಊರಿಗೆ ನೀರು ಬಿಟ್ಟು ಮಟ್ಟವಿಳಿದೊಡನೆ ಅಂಕಿಗಳು ಮರಳಿ ಬರುತ್ತಿದ್ದವು. ಪಂಪು ದುರಸ್ತಿಯಲ್ಲಿದ್ದು ತೊಟ್ಟಿ ತುಂಬದಿದ್ದ ಎರಡು ರಾತ್ರಿ ಒಂದು ಗೀಟೂ ಇರಲಿಲ್ಲ. ನಿದ್ರೆಗೂ ನೀರಿನ ಮಟ್ಟಕ್ಕೂ ಏನು ಸಂಬಂಧ?

ಆ ರಾತ್ರಿ ನಾವು ಮೂವರೂ ತೊಟ್ಟಿಯ ಬುಡದಲ್ಲಿದ್ದೆವು. ಚಳಿಗೆ ಕಿವಿ ಮುಚ್ಚಿಕೊಂಡು ಟಾರ್ಚು ಹಿಡಿಯುವುದಷ್ಟೇ ನಮ್ಮ ಪಾಲಿನ ಕೆಲಸ. ಅಳಿಯನು ಮೊದಲು ವಿದ್ಯುತ್ತನ್ನೊದಗಿಸುವ ಪೆಟ್ಟಿಗೆಯನ್ನು ಪರೀಕ್ಷಿಸಿದನು. 24 ವೋಲ್ಟ್ ಇರಬೇಕಾದಲ್ಲಿ 18 ಮಾತ್ರವಿತ್ತು. ಪೆಟ್ಟಿಗೆ ಹಳೆಯದು, ಸೊರಗಿತ್ತು. ಬಳಿಕ ಟ್ರಾನ್ಸ್‌ಮಿಟರಿನ ಎರಡು ತಿರುಪುಗಳ ಮೇಲೆ ಮೀಟರಿನ ಮೊನೆಗಳನ್ನಿಟ್ಟು ಕುಳಿತನು. ನೀರು ಏರಿದಂತೆಲ್ಲ ಆ ಅಂಕಿಯು ಇಳಿಯತೊಡಗಿತು. ಅರ್ಧ ತೊಟ್ಟಿಗೆ 12 ವೋಲ್ಟ್ ಇದ್ದುದು, ಮೂರು ಮೀಟರು ದಾಟುವಾಗ 11ರ ಹತ್ತಿರಕ್ಕೆ ಬಂದಿತು. ಕೊನೆಗೆ ಹತ್ತೂವರೆಗೆ ಬಂದೊಡನೆ ಅಂಕಿ ಹುಚ್ಚುಹಿಡಿದಂತೆ ಕುಣಿಯಿತು. ಆ ಉಪಕರಣಕ್ಕೆ ಕನಿಷ್ಠ 10.5 ವೋಲ್ಟಾದರೂ ಬೇಕೆಂದು ಅದರ ಕೈಪಿಡಿಯಲ್ಲಿದೆ. ಅದು ಕಡಿಮೆಯಾದಾಗ ಮೂರ್ಛೆಹೋಗುತ್ತದೆ. ಪ್ರವಾಹ ನಿಂತೊಡನೆ ವೋಲ್ಟೇಜು ಏರಿ ಎಚ್ಚರಗೊಳ್ಳುತ್ತದೆ. ಎದ್ದು ಮಟ್ಟವನ್ನು ಹೇಳಹೊರಟೊಡನೆ ಮತ್ತೆ ಮೂರ್ಛೆ.

ಅದು ಹೀಗೇಕೆ? ಪ್ರವಾಹದ ಹಾದಿಯಲ್ಲಿ ರೋಧವಿದ್ದರೆ, ಪ್ರವಾಹ ಹೆಚ್ಚಿದಷ್ಟೂ ಅಲ್ಲಿ ಹೆಚ್ಚು ವೋಲ್ಟು ವ್ಯಯವಾಗುತ್ತದೆ. ಜರ್ಮನಿಯ ಓಮ್ ಎಂಬ ಉಪಾಧ್ಯಾಯರು 1827ರಲ್ಲಿ ಪ್ರಕಟಿಸಿದ ನಿಯಮವಿದು. ಗಣಕಯಂತ್ರದ ಕಡೆಯಲ್ಲಿ ಮೊದಲಿನಿಂದ 250 ಓಮಿನ ರೋಧವಿತ್ತು. ಒಂದು ತಿಂಗಳ ಕೆಳಗೆ ಅದೇ ತಂತಿಯ ಹಾದಿಯಲ್ಲಿ ಇನ್ನೊಂದು 250 ಓಮಿನ ಅಂಕಿಫಲಕವನ್ನು ಸೇರಿಸಿದ್ದರು. 500 ಓಮಿನಲ್ಲಿ 15 ಮಿಲಿಆಂಪಿಯರು ಹರಿದರೆ ಏಳೂವರೆ ವೋಲ್ಟು ಅಲ್ಲಿಯೇ ಕಳೆಯಿತು. ಹದಿನೆಂಟರಲ್ಲಿ ಉಳಿದದ್ದು ಹತ್ತೂವರೆ. 15 ಮಿಲಿಆಂಪಿಯರೆಂದರೆ ತೊಟ್ಟಿಯಲ್ಲಿ ಮೂರು ಮೀಟರು ನಲವತ್ತನಾಲ್ಕು ಸೆಂಟಿಮೀಟರು ನೀರು. ನೋಟುಪುಸ್ತಕವು ಹೇಳಿದ್ದೂ ಅದನ್ನೇ. ಪೆಟ್ಟಿಗೆ ಸರಿಯಿದ್ದು ಫಲಕ ಮಾತ್ರ ಬಂದಿದ್ದರೆ ತೊಂದರೆಯಿರಲಿಲ್ಲ. ಫಲಕವಿಲ್ಲದೆ ಪೆಟ್ಟಿಗೆ ಮಾತ್ರ ಸೊರಗಿದ್ದರೂ ಇರಲಿಲ್ಲ. ತಾರ್ಕಿಕರು ಕಾರಣಸಾಮಗ್ರಿಯೆಂದು ಹೇಳುವುದನ್ನು ನಾವು ಎಷ್ಟೋ ವರ್ಷ ದಾರ, ಮಗ್ಗ, ಬಟ್ಟೆಗಳ ಉದಾಹರಣೆಯಿಂದ ಪಾಠ ಹೇಳಿದ್ದೆವು.

ಆ ಹೊಸ ಫಲಕವನ್ನು ಎಲ್ಲಿ ತೂಗುಹಾಕಿದ್ದರೆಂಬುದನ್ನು ಹೇಳಲೇಬೇಕು. ರಾತ್ರಿಯ ಪಾಳಿಯವನು ಸರಿಯಾಗಿ ಕೆಲಸಮಾಡುತ್ತಾನೆಯೇ ಎಂದು ಕುಳಿತಲ್ಲಿಂದಲೇ ನೋಡುವುದಕ್ಕಾಗಿ, ಮೇಲಧಿಕಾರಿಗಳ ಕೊಠಡಿಯಲ್ಲಿ.

ಸಮಜಾಯಿಷಿಯನ್ನು ನಾವೇ ಬರೆದುಕೊಟ್ಟೆವು. ಅಳಿಯನು ಒಂದು ಪಟ್ಟಿಯನ್ನೂ ಲೆಕ್ಕವನ್ನೂ ಅದಕ್ಕೆ ಲಗತ್ತಿಸಿದನು. ಕೋಪದ ಮಾತು ಎರಡು ನಮ್ಮ ಲೇಖನಿಯಿಂದ ಬಂದಿದ್ದವು. ಶಿಷ್ಯನು ಓದಿ ನೋಡಿ, "ಇದು ಬೇಡ ಮೇಷ್ಟ್ರೇ, ನಾನು ಅಲ್ಲಿಯೇ ಇರಬೇಕಲ್ಲ" ಎಂದುದರಿಂದ ಹೊಡೆದುಹಾಕಿದೆವು. ಅದಕ್ಕೆ ಉತ್ತರವೆಂದು ಯಾವ ಕಾಗದವೂ ಬರಲಿಲ್ಲ. ಹತ್ತು ದಿನಗಳಲ್ಲಿ ಹೊಸ ಪೆಟ್ಟಿಗೆ ಬಂದಿತು; ಅಂಕಿಗಳು ಈಗ ಐದು ಮೀಟರಿನವರೆಗೂ ತಪ್ಪದೆ ಬರುತ್ತಿವೆ. ಅವನ ಕೆಲಸವೂ ಉಳಿದಿದೆ, ದಿನಗೂಲಿಯಾಗಿಯೇ.

ಮೊನ್ನೆ ಬಂದು, ನೋಟುಪುಸ್ತಕ ತೀರಿಹೋಯಿತೆಂದನು. ನಮ್ಮ ಪೆಟ್ಟಿಗೆಯಲ್ಲಿ ಶಾಲೆಯ ಕಾಲದ ಇನ್ನೂರು ಪುಟದ್ದೊಂದು ಉಳಿದಿತ್ತು, ಕೊಟ್ಟೆವು.